ನೀರು ಇಳಿಯುತ್ತದೆ, ದಿಬ್ಬ ಬೆಳೆಯುವುದಿಲ್ಲ

ಸರೋವರ ಅಂದ ಕೂಡಲೇ ನಿಂತ ನೀರು ಕಣ್ಣಿಗೆ ಬರುತ್ತದೆ, ಅಲ್ವಾ? ಅಮೆರಿಕದ ಮಿಶಿಗನ್ ಸರೋವರ ಹಾಗಲ್ಲ. ಉದ್ದವೇ ಸುಮಾರು 490 ಕಿಲೋಮೀಟರ್. ಅಷ್ಟು ದೂರ ತಡೆಯಿಲ್ಲದೆ ಗಾಳಿ ಬೀಸಿದರೆ ಏಳುವ ಅಲೆಗಳು ಮನೆಗಳನ್ನೇ ಉರುಳಿಸಬಲ್ಲವು. 2019ರ ಕೊನೆಯ ದಿನ ಮಿಶಿಗನ್ ರಾಜ್ಯದ ಮಸ್ಕೀಗನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ದಿಬ್ಬದ ಮೇಲಿದ್ದ ಒಂದು ಮನೆ ಜಾರಿ ಸರೋವರದ ದಡಕ್ಕೆ ಬಿತ್ತು.

ಇಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮಳೆ, ಹಿಮ ಎಷ್ಟು ಬಿತ್ತು, ನೀರು ಎಷ್ಟು ಆವಿಯಾಯಿತು ಅನ್ನುವುದರ ಮೇಲೆ ಮಟ್ಟ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 1986ರಲ್ಲಿ ನೀರು ದಾಖಲೆಯ ಎತ್ತರಕ್ಕೆ ಏರಿತ್ತು. 2013ರ ಜನವರಿಯಲ್ಲಿ ದಾಖಲೆಯ ತಗ್ಗು. 2020ರ ಬೇಸಿಗೆಗೆ ಮತ್ತೆ ಹೆಚ್ಚುಕಡಿಮೆ 1986ರ ಮಟ್ಟ. ಏಳೂವರೆ ವರ್ಷದಲ್ಲಿ ಸುಮಾರು 6 ಅಡಿ ಏರಿಕೆ!

ತಗ್ಗಿನ ವರ್ಷಗಳಲ್ಲಿ ಅಗಲವಾದ ಮರಳು ದಂಡೆ ಎದ್ದು ಕಾಣುತ್ತದೆ. ಆಗ ಸೈಟ್ ನೋಡಲು ಬಂದವರಿಗೆ ಜಾಗ ಭದ್ರ ಅನ್ನಿಸುವುದು ಸಹಜ. ನನಗೆ ಭಯ ಹುಟ್ಟಿಸುವುದು ಇದೇ. ನೀರು ಏರಿ ಇಳಿಯುತ್ತದೆ, ಮರಳೂ ಒಂದಷ್ಟು ವಾಪಸ್ ಬರುತ್ತದೆ. ಕುಸಿದ ದಿಬ್ಬ ಮಾತ್ರ ವಾಪಸ್ ಬರುವುದಿಲ್ಲ.

ದಂಡೆಯ ಬಹಳಷ್ಟು ದಿಬ್ಬಗಳು ಗಟ್ಟಿ ಬಂಡೆಯಲ್ಲ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಜೇಡಿ, ಮರಳು, ಜಲ್ಲಿ. ಅಲೆ ಮೊದಲು ಬುಡವನ್ನು ಕೊರೆಯುತ್ತದೆ. ಮೇಲ್ಭಾಗ ಕಡಿದಾಗಿ ನಿಲ್ಲುತ್ತದೆ, ಎಷ್ಟೋ ಸಲ ತಿಂಗಳುಗಳ ನಂತರ ಒಮ್ಮೆಲೇ ಜಾರುತ್ತದೆ. ಅಪಾಯ ಬರೀ ಕೆಳಗಿನಿಂದ ಬರುವುದಿಲ್ಲ. ಮೇಲಿನ ಮರಳಿನ ಪದರದಲ್ಲಿ ಇಳಿದ ನೀರು ಜೇಡಿಯ ಪದರಕ್ಕೆ ತಾಗಿ ನಿಂತು, ದಿಬ್ಬದ ಮುಖದಿಂದ ಒಸರುತ್ತದೆ. ಹುಲ್ಲುಹಾಸಿಗೆ ಬಿಡುವ ನೀರು, ಸೆಪ್ಟಿಕ್ ಟ್ಯಾಂಕಿನ ನೀರು ಕೂಡ ಇದಕ್ಕೆ ಸೇರುತ್ತವೆ. ಚಳಿಗಾಲದಲ್ಲಿ ದಡಕ್ಕೆ ಕಟ್ಟುವ ಮಂಜುಗಡ್ಡೆ ಅಲೆಗಳನ್ನು ತಡೆಯುತ್ತದೆ. ಅದು ಸರಿಯಾಗಿ ಕಟ್ಟದ ವರ್ಷ ಬಿರುಗಾಳಿಯ ಅಲೆಗಳು ನೇರವಾಗಿ ಬುಡಕ್ಕೇ ಬಡಿಯುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ಸವೆತವಿದೆ. ನೀರಿನಡಿಯ ಜೇಡಿ ತಳವೂ ತೇಯುತ್ತದೆ. ತಳ ಆಳವಾದಷ್ಟೂ ದೊಡ್ಡ ಅಲೆಗಳು ದಡದ ಹತ್ತಿರ ಬಂದು ಒಡೆಯುತ್ತವೆ. ಸವೆದ ಜೇಡಿಯನ್ನು ಸರೋವರ ಮತ್ತೆ ತುಂಬಿಕೊಡುವುದಿಲ್ಲ.

ಹಾಗಾದರೆ ಗೋಡೆ ಕಟ್ಟಿದರಾಯಿತಲ್ಲ? ಗೋಡೆಗೆ ಬಡಿದ ಅಲೆ ತಿರುಗಿ ಎದುರಿನ ಮರಳನ್ನೇ ಕೀಳುತ್ತದೆ. ದಿಬ್ಬ ಸವೆಯುವುದು ನಿಂತರೆ ಪಕ್ಕದ ದಂಡೆಗೆ ಸಿಗುತ್ತಿದ್ದ ಮರಳೂ ನಿಲ್ಲುತ್ತದೆ. ನಿಮ್ಮ ಮನೆ ಸದ್ಯಕ್ಕೆ ಉಳಿಯಬಹುದು, ನೆರೆಯವರ ದಂಡೆ ಬೇಗ ಕರಗುತ್ತದೆ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ.

ದಂಡೆಯಿಂದ ದೂರ ಇರುವುದೇ ಮೇಲು. ಮಿಶಿಗನ್ ರಾಜ್ಯ 1970ರಲ್ಲೇ ಇದಕ್ಕಾಗಿ ಕಾನೂನು ಮಾಡಿತು. ವರ್ಷಕ್ಕೆ ಸರಾಸರಿ 1 ಅಡಿ ಅಥವಾ ಜಾಸ್ತಿ ಹಿಂದೆ ಸರಿಯುವ ದಂಡೆಯನ್ನು ಹೆಚ್ಚು ಅಪಾಯದ ಪ್ರದೇಶ ಎಂದು ಗುರುತಿಸುತ್ತಾರೆ. ಅಲ್ಲಿ ಎತ್ತಿ ಸಾಗಿಸಬಹುದಾದ ಸಣ್ಣ ಮನೆಗೆ 30 ವರ್ಷದ ಸವೆತದ ಲೆಕ್ಕ, ದೊಡ್ಡ ಕಟ್ಟಡಕ್ಕೆ 60 ವರ್ಷದ ಲೆಕ್ಕ ಹಿಡಿದು ದೂರ ನಿಗದಿ ಮಾಡುತ್ತಾರೆ. ಆದರೆ ಈ ಲೆಕ್ಕ ಸರಾಸರಿಯದು. ಒಂದೇ ಬಿರುಗಾಳಿಗೆ ಹಲವು ವರ್ಷಗಳ ಸವೆತ ಆಗಿಬಿಡಬಹುದು. ಶಿಕಾಗೊ, ಮಿಲ್ವಾಕಿ ಕಡೆಯ ಕನ್ನಡಿಗರು ಸರೋವರದ ದಂಡೆಯಲ್ಲಿ ಮನೆ ಕೊಳ್ಳುವುದಿದ್ದರೆ ಈಗಿನ ದಂಡೆಯ ಅಗಲ ನೋಡಿ ನಿರ್ಧರಿಸಬೇಡಿ. 1986 ಮತ್ತು 2020ರ ಫೋಟೋಗಳನ್ನು ಕೇಳಿ, ದಿಬ್ಬದ ಅಂಚು ಆಗ ಎಲ್ಲಿತ್ತು ಅಂತ ಅಳೆದು ನೋಡಿ.