ಮಂಡಕಳ್ಳಿಯ 1,740 ಮೀಟರ್

ಮೈಸೂರಿನಿಂದ ನಂಜನಗೂಡಿನ ಹಾದಿ ಹಿಡಿದು ಹತ್ತು ಕಿಲೋಮೀಟರ್‌ನಷ್ಟು ಸಾಗಿದರೆ ಮಂಡಕಳ್ಳಿ ವಿಮಾನ ನಿಲ್ದಾಣ ಸಿಗುತ್ತದೆ. ಒಮ್ಮೆ ನನ್ನ ಸೋದರಮಾವನವರನ್ನು ಅಲ್ಲಿಂದ ವಿಮಾನ ಹತ್ತಿಸಲು ಹೋಗಿದ್ದಾಗ ಅವರು ಟರ್ಮಿನಲ್ಲಿನ ಗಾಜಿನ ಗೋಡೆಯನ್ನೂ ಫಳಫಳ ಹೊಳೆಯುವ ನೆಲವನ್ನೂ ನೋಡಿ, ಆಮೇಲೆ ಹೊರಗೆ ಒಂಟಿಯಾಗಿ ನಿಂತಿದ್ದ ಫ್ಯಾನಿನ ವಿಮಾನವನ್ನು ನೋಡಿ, “ಕಟ್ಟಡ ಇಷ್ಟು ಚೆನ್ನಾಗಿದೆಯಲ್ಲೋ, ದೊಡ್ಡ ವಿಮಾನ ಯಾಕಪ್ಪ ಬರೋದಿಲ್ಲ?” ಎಂದು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಪ್ರಯಾಣಿಕರಿಗೆ ವಿಮಾನ ನಿಲ್ದಾಣವೆಂದರೆ ಕಟ್ಟಡ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವುದೂ ಅದರ ಬಾಗಿಲಲ್ಲೇ. ಆದರೆ ನಿಲ್ದಾಣಗಳ ಕಾರ್ಯಾಚರಣೆ ವಿಭಾಗದಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ದುಡಿದವನ ಕಣ್ಣಿಗೆ ಕಟ್ಟಡ ಬೀಳುವುದು ಕಟ್ಟಕಡೆಗೆ. ಮೊದಲು ನಾವು ಕೇಳುವುದು ಒಂದು ಅಂಕಿಯನ್ನು, ಮಂಡಕಳ್ಳಿಯ ಮಟ್ಟಿಗೆ ಆ ಅಂಕಿ 1,740. ರನ್‌ವೇಯ ಉದ್ದ ಅಷ್ಟು ಮೀಟರ್, ಅಗಲ 30 ಮೀಟರ್.

ಈ ಉದ್ದ ಸಾಕೋ ಸಾಲದೋ ಎಂಬುದು ವಿಮಾನವನ್ನಷ್ಟೇ ಅಲ್ಲ, ಊರನ್ನೂ ಅವಲಂಬಿಸಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಬಿಸಿಲು ಏರಿದಂತೆ ಇನ್ನಷ್ಟು ತೆಳುವಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ಆದ್ದರಿಂದ ವಿಮಾನ ನೆಲ ಬಿಡುವ ಮುನ್ನ ಹೆಚ್ಚು ದೂರ ಓಡಬೇಕು. ಯೋಜನಾ ಹಂತದಲ್ಲಿ ಬಳಸುವ ಲೆಕ್ಕ ಹೀಗಿದೆ: ಸಮುದ್ರ ಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇಯ ಉದ್ದವನ್ನು ಶೇ 7ರಷ್ಟು ಹೆಚ್ಚಿಸಬೇಕು, ಆ ಎತ್ತರಕ್ಕೆ ನಿಗದಿಯಾದ ಪ್ರಮಾಣಿತ ಉಷ್ಣಾಂಶವನ್ನು ಮೀರಿದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಶೇ 1ರಷ್ಟು. ಮಂಡಕಳ್ಳಿ ಸಮುದ್ರ ಮಟ್ಟದಿಂದ ಸುಮಾರು 715 ಮೀಟರ್ ಮೇಲಿದೆ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ 34 ಡಿಗ್ರಿ ಸಾಮಾನ್ಯ. ಸಮುದ್ರ ತೀರದಲ್ಲಿ 1,000 ಮೀಟರ್ ಸಾಕಾಗುವ ವಿಮಾನಕ್ಕೆ ಎತ್ತರದ ಲೆಕ್ಕ ಸೇರಿದಾಗ 1,167, ಬಿಸಿಲಿನದೂ ಸೇರಿದಾಗ ಹತ್ತಿರ ಹತ್ತಿರ 1,450 ಮೀಟರ್ ಬೇಕಾಗುತ್ತದೆ. ಈ ಎರಡೂ ಸೇರಿ ಶೇ 35 ದಾಟಿದರೆ ಸಿದ್ಧ ಸೂತ್ರವನ್ನು ನೆಚ್ಚದೆ ಪ್ರತ್ಯೇಕ ಅಧ್ಯಯನ ಮಾಡಬೇಕೆಂಬ ಸೂಚನೆಯಿದೆ. ಮೈಸೂರು ಆ ಗೆರೆಯನ್ನು ದಾಟುತ್ತದೆ. ತಂಪಾದ ಊರು ಎಂದು ಹೆಸರಾದ ಮೈಸೂರಿಗೆ ರನ್‌ವೇಯ ಲೆಕ್ಕದಲ್ಲಿ ಆ ರಿಯಾಯಿತಿ ಸಿಗುವುದಿಲ್ಲ.

ಎಪ್ಪತ್ತು ಚಿಲ್ಲರೆ ಆಸನಗಳ, ಫ್ಯಾನಿನ ಎಟಿಆರ್ 72 ವಿಮಾನಕ್ಕೆ ಪೂರ್ಣ ತೂಕದಲ್ಲಿ ಸಮುದ್ರ ಮಟ್ಟದಲ್ಲಿ ಬೇಕಾಗುವುದು ಸುಮಾರು 1,300 ಮೀಟರ್. ಅದು ಹೈದರಾಬಾದಿಗೋ ಚೆನ್ನೈಗೋ ಹೋಗುವಾಗ ತುಂಬಿಕೊಳ್ಳುವ ಇಂಧನ ಕಡಿಮೆಯಾದ್ದರಿಂದ, ತೂಕ ಇಳಿದು, ಮಂಡಕಳ್ಳಿಯ ಉದ್ದದಲ್ಲಿ ನಿಭಾಯಿಸಿಕೊಂಡು ಹೋಗುತ್ತದೆ. ದೊಡ್ಡ ಜೆಟ್ ವಿಮಾನವಾದ ಏರ್‌ಬಸ್ 320ಕ್ಕೆ ಸಮುದ್ರ ಮಟ್ಟದಲ್ಲೇ 2,100 ಮೀಟರಿನಷ್ಟು ಬೇಕು. ಅಗಲವೂ 45 ಮೀಟರ್ ಇರಬೇಕು. ಸೋದರಮಾವನವರ ಪ್ರಶ್ನೆಗೆ ಚಿಕ್ಕ ಉತ್ತರ ಇಷ್ಟೇ.

ಆದರೆ ಈ ಉದ್ದ ಯಾಕೆ ಇಷ್ಟೇ ಉಳಿಯಿತು ಎಂಬುದಕ್ಕೆ ಇತಿಹಾಸ ನೋಡಬೇಕು. ಮಂಡಕಳ್ಳಿಯಲ್ಲಿ ವಿಮಾನಗಳು ಇಳಿಯುವ ಬಯಲನ್ನು ಸಿದ್ಧಪಡಿಸಿದ್ದು 1940ರಲ್ಲಿ, ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡು ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದ ವರ್ಷ ಅದು. ಅದೇ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಬೆಂಗಳೂರಿನ ಬಯಲು ಕಾರ್ಖಾನೆಯ ಜೊತೆ ಬೆಳೆಯಿತು. ಮಂಡಕಳ್ಳಿಗೆ ಅಂಥ ಜೊತೆ ಸಿಗಲಿಲ್ಲ. ಸ್ವಾತಂತ್ರ್ಯಾನಂತರ ಅದು ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆಗೆ ಸೇರಿತು. ಎಂಬತ್ತರ ದಶಕದಲ್ಲಿ ವಾಯುದೂತ್ ಎಂಬ ಸರ್ಕಾರಿ ವಿಮಾನ ಸಂಸ್ಥೆಯ ಸಣ್ಣ ವಿಮಾನಗಳು ಒಂದಷ್ಟು ಕಾಲ ಬಂದು ಹೋದವು. ಮುಂದೆ ಬಹುಕಾಲ ಅಲ್ಲಿ ನಿತ್ಯದ ಸೇವೆ ಇರಲಿಲ್ಲ.

ಈಗಿನ ಟರ್ಮಿನಲ್ ಮತ್ತು ರನ್‌ವೇ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿಂದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಎಟಿಆರ್ ಹಾರಾಟ ಆರಂಭಿಸಿ, ಮರುವರ್ಷದ ನವೆಂಬರ್ ಹೊತ್ತಿಗೆ ನಿಲ್ಲಿಸಿತು. 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ ಬಂತು, ಹೋಯಿತು. 2015ರಲ್ಲಿ ಏರ್ ಇಂಡಿಯಾದ ಪ್ರಾದೇಶಿಕ ವಿಮಾನ ಬಂತು, ಕೆಲವೇ ತಿಂಗಳಲ್ಲಿ ಅದೂ ಹೋಯಿತು. ಈ ಮೂರೂ ಸೇವೆಗಳಲ್ಲಿ ಬೆಂಗಳೂರು ಒಂದು ತುದಿಯೋ ನಡುವಿನ ತಂಗುದಾಣವೋ ಆಗಿತ್ತು ಎಂಬುದನ್ನು ಗಮನಿಸಬೇಕು. ರಸ್ತೆಯಲ್ಲಿ ಮೂರು ಗಂಟೆಯ ಹಾದಿಗೆ, ಒಂದು ಗಂಟೆ ಮೊದಲೇ ಹೋಗಿ ಸಾಲಿನಲ್ಲಿ ನಿಂತು, ಮುಕ್ಕಾಲು ಗಂಟೆ ಹಾರಿ, ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಊರೊಳಗೆ ಬರಲು ಮತ್ತೊಂದು ಗಂಟೆ ಕಳೆಯುವವರು ಎಷ್ಟು ಮಂದಿ ಇದ್ದಾರು? 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದ ಮೇಲಂತೂ ಆ ಲೆಕ್ಕ ಪೂರ್ತಿ ಕೈಬಿಟ್ಟಿತು. ಕೆಎಸ್ಆರ್‌ಟಿಸಿಯ ಫ್ಲೈ ಬಸ್ ಮೈಸೂರಿನಿಂದ ನೇರವಾಗಿ ದೇವನಹಳ್ಳಿಯ ಟರ್ಮಿನಲ್ ಬಾಗಿಲಿಗೇ ಬಿಡುತ್ತದೆ. ಮಂಡಕಳ್ಳಿಗೆ ನಿಜವಾದ ಎದುರಾಳಿ ಇನ್ನೊಂದು ವಿಮಾನ ನಿಲ್ದಾಣವಲ್ಲ, ಆ ಬಸ್ಸು ಎಂದು ನಾವು ಆಫೀಸಿನಲ್ಲಿ ತಮಾಷೆಗೆ ಹೇಳುತ್ತಿದ್ದೆವು. ತಮಾಷೆಯಲ್ಲಿ ಬಹುಪಾಲು ನಿಜವಿತ್ತು.

ಸ್ಥಿತಿ ಸ್ವಲ್ಪ ಬದಲಾದದ್ದು ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಿಂದ. 2016ರಲ್ಲಿ ಪ್ರಕಟವಾದ ಈ ಯೋಜನೆಯಲ್ಲಿ, ಆಯ್ದ ಮಾರ್ಗದಲ್ಲಿ ವಿಮಾನದ ಸುಮಾರು ಅರ್ಧದಷ್ಟು ಆಸನಗಳನ್ನು ನಿಗದಿತ ದರದೊಳಗೆ, ಅಂದರೆ ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯಂತೆ, ಮಾರಬೇಕು. ಅದರಿಂದಾಗುವ ಕೊರತೆಯನ್ನು ಮೂರು ವರ್ಷದವರೆಗೆ ಸರ್ಕಾರ ತುಂಬಿಕೊಡುತ್ತದೆ. ವಿಮಾನ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯ ಶೇ 1ಕ್ಕೆ ಇಳಿಸುತ್ತದೆ; ಪೊಲೀಸ್ ಹಾಗೂ ಅಗ್ನಿಶಾಮಕ ಸೇವೆಯನ್ನು ಉಚಿತವಾಗಿ ಕೊಡುತ್ತದೆ. ಇದರಡಿ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಾಟ ಆರಂಭಿಸಿತು. 2019ರಲ್ಲಿ ಅಲಯನ್ಸ್ ಏರ್ ಹೈದರಾಬಾದ್, ಕೊಚ್ಚಿ, ಗೋವಾಗಳಿಗೆ ಮಾರ್ಗ ತೆರೆಯಿತು. ಬಳಿಕ ಇಂಡಿಗೊದ ಎಟಿಆರ್ ವಿಮಾನಗಳೂ ಬಂದವು. ಮೈಸೂರಿಗೆ ಬೇಕಾದದ್ದು ಬೆಂಗಳೂರಿನ ಸಂಪರ್ಕವಲ್ಲ, ಬೆಂಗಳೂರನ್ನು ದಾಟಿಸುವ ಸಂಪರ್ಕ ಎಂಬುದು ಆಗ ಮನವರಿಕೆಯಾಯಿತು. ಆದರೂ ಮೂರು ವರ್ಷದ ನೆರವು ಮುಗಿದ ದಿನ ಎಪ್ಪತ್ತು ಆಸನದ ವಿಮಾನ ಪೂರ್ಣ ದರದಲ್ಲಿ ತುಂಬಬೇಕು. ಸಣ್ಣ ವಿಮಾನದಲ್ಲಿ ಒಂದು ಆಸನಕ್ಕೆ ತಗಲುವ ವೆಚ್ಚ ದೊಡ್ಡ ವಿಮಾನಕ್ಕಿಂತ ಹೆಚ್ಚು. ಕಡಿಮೆ ವೆಚ್ಚದ ದೊಡ್ಡ ವಿಮಾನ ಇಳಿಯಲು ರನ್‌ವೇ ಇಲ್ಲ. ಅಲ್ಲಿಗೆ ಮತ್ತೆ 1,740ಕ್ಕೇ ಬಂದು ನಿಂತೆವು.

ಹಾಗೆಂದು ಉದ್ದನೆಯ ರನ್‌ವೇ ಇದ್ದರೆ ಸಾಕೆಂದೂ ಅಲ್ಲ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣದ ರನ್‌ವೇ 3,200 ಮೀಟರ್. ಅಲ್ಲಿಗೆ ಆಗಸ್ಟ್ 31ರಂದು ಮೊದಲು ಬಂದಿಳಿದ ವಾಣಿಜ್ಯ ವಿಮಾನವೂ ಎಟಿಆರ್‌ನದೇ, ಬೆಂಗಳೂರಿನಿಂದಲೇ. ರಾತ್ರಿ ಇಳಿಯುವ ವ್ಯವಸ್ಥೆ ಆರಂಭದಲ್ಲಿ ಅಲ್ಲಿರಲಿಲ್ಲ. ಮಲೆನಾಡಿನ ಮಂಜಿನ ಬೆಳಗಿನಲ್ಲಿ ಪೈಲಟ್‌ಗೆ ರನ್‌ವೇ ಕಾಣದಿದ್ದರೆ ಅದು ಎಷ್ಟು ಉದ್ದವಿದ್ದರೇನು?

ಇನ್ನು ಕಣ್ಣಿಗೆ ಬೀಳದ ಸೌಲಭ್ಯಗಳ ವಿಚಾರ. ನಿಲ್ದಾಣದ ಅಗ್ನಿಶಾಮಕ ವ್ಯವಸ್ಥೆಯನ್ನು ಅಲ್ಲಿಗೆ ಬರುವ ವಿಮಾನದ ಉದ್ದ ಮತ್ತು ಮೈಯ ಅಗಲದ ಮೇಲೆ ವರ್ಗೀಕರಿಸುತ್ತಾರೆ. 27 ಮೀಟರ್ ಉದ್ದದ ಎಟಿಆರ್ 72 ಬರುವ ಕಡೆ ಐದನೇ ವರ್ಗ ಸಾಕು: ಒಂದು ಫೈರ್ ಟೆಂಡರ್ (ಬೆಂಕಿ ಆರಿಸುವ ವಾಹನ), ನೊರೆ ಮಾಡಲು 5,400 ಲೀಟರ್ ನೀರು. ಏರ್‌ಬಸ್ 320ರ ಉದ್ದ 37 ಮೀಟರ್ ದಾಟುವುದರಿಂದ ಅದು ಆರನೇ ವರ್ಗ: ಎರಡು ಟೆಂಡರ್, 7,900 ಲೀಟರ್. ಕರೆಗಂಟೆ ಬಾರಿಸಿದ ಕ್ಷಣದಿಂದ ಮೂರು ನಿಮಿಷ ಮೀರದಂತೆ, ಸಾಧ್ಯವಾದರೆ ಎರಡೇ ನಿಮಿಷದಲ್ಲಿ, ರನ್‌ವೇಯ ಯಾವ ತುದಿಗಾದರೂ ತಲುಪಿ ನೊರೆ ಎರಚಬೇಕು. ದಿನಕ್ಕೆ ಒಂದೇ ವಿಮಾನ ಬಂದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಆ ಒಂದು ವಿಮಾನಕ್ಕಾಗಿ ಟವರ್‌ನಲ್ಲಿ ನಿಯಂತ್ರಕರು, ಹವಾಮಾನ ವೀಕ್ಷಕರು, ಭದ್ರತಾ ಸಿಬ್ಬಂದಿ, ಟೆಂಡರ್‌ನ ಚಾಲಕ ಎಲ್ಲರೂ ಹಾಜರಿರಲೇಬೇಕು. ಸಣ್ಣ ನಿಲ್ದಾಣದ ಖರ್ಚು ಸಣ್ಣದಾಗದಿರುವುದು ಈ ಕಾರಣಕ್ಕೆ.

ಬೆಳಿಗ್ಗೆ ಮೊದಲ ವಿಮಾನಕ್ಕೆ ಮುಂಚೆ ಜೀಪಿನಲ್ಲಿ ರನ್‌ವೇಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗಿ ಬರುವ ತಪಾಸಣೆಯನ್ನು ನಾನು ಬೇರೆ ಬೇರೆ ಊರುಗಳಲ್ಲಿ ಸಾವಿರಾರು ಸಲ ಮಾಡಿದ್ದೇನೆ. ಹುಡುಕುವುದು ಸಣ್ಣ ಸಣ್ಣ ವಸ್ತುಗಳನ್ನು: ಜಲ್ಲಿಕಲ್ಲು, ಮೊಳೆ, ಹಾರಿಬಂದ ಪ್ಲಾಸ್ಟಿಕ್ ಚೀಲ. ಹೆಸರು ಹೇಳಬಾರದ ಒಂದು ಊರಿನಲ್ಲಿ, ಹಿಂದಿನ ದಿನ ದೀಪ ರಿಪೇರಿ ಮಾಡಿದವರು ಮರೆತುಹೋದ ಸ್ಪ್ಯಾನರ್ ಒಂದು ರನ್‌ವೇಯ ಅಂಚಿನಲ್ಲಿ ಸಿಕ್ಕಿತು. ಫ್ಯಾನಿನ ರೆಕ್ಕೆಗೆ ಅದು ತಗುಲಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇವತ್ತಿಗೂ ಮೈ ಝುಂ ಎನ್ನುತ್ತದೆ. ಆಮೇಲೆ ಅಲ್ಲಿ ಕೆಲಸಕ್ಕೆ ಒಯ್ಯುವ ಉಪಕರಣಗಳನ್ನು ಎಣಿಸಿ ಕೊಟ್ಟು ಎಣಿಸಿ ಪಡೆಯುವ ಪದ್ಧತಿ ಬಂತು.

ವಸ್ತುಗಳ ನಂತರ ಹಕ್ಕಿಗಳು. ಟಿಟ್ಟಿಭಕ್ಕೆ ರನ್‌ವೇ ಬದಿಯ ಹುಲ್ಲು ಬಲು ಇಷ್ಟ. ಬರಿನೆಲದ ಮೇಲೆ ನಾಲ್ಕು ಕಲ್ಲು ಜೋಡಿಸಿ ಮೊಟ್ಟೆಯಿಟ್ಟು, ಹತ್ತಿರ ಹೋದವರನ್ನು ಬೈಯುತ್ತಾ ಸುತ್ತುತ್ತದೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಏಳುತ್ತದೆ, ಅದನ್ನು ತಿನ್ನಲು ಹದ್ದುಗಳು ಬರುತ್ತವೆ. ಎಂಜಿನ್ನಿನ ದೃಷ್ಟಿಯಲ್ಲಿ ಹದ್ದು ಭಾರೀ ಹಕ್ಕಿ. ಹುಲ್ಲನ್ನು ತೀರ ಬೋಳಿಸಿದರೆ ಟಿಟ್ಟಿಭ, ಬೆಳೆಯಲು ಬಿಟ್ಟರೆ ಇಲಿ, ಇಲಿಯ ಹಿಂದೆ ಹಾವು, ಇವೆರಡರ ಹಿಂದೆ ಮತ್ತೆ ಹದ್ದು. ಎಷ್ಟು ಎತ್ತರಕ್ಕೆ ಹುಲ್ಲು ಕತ್ತರಿಸಬೇಕೆಂಬುದು ನಮ್ಮ ಸಭೆಗಳಲ್ಲಿ ನಗಣ್ಯ ವಿಷಯವಾಗಿರಲಿಲ್ಲ.

ಪ್ರಯಾಣಿಕರು ಕಿಟಕಿಯಿಂದ ತಾವೇ ನೋಡಬಹುದಾದ ಎರಡು ಸಾಧನಗಳಿವೆ. ಒಂದು ವಿಂಡ್‌ಸಾಕ್, ಅಂದರೆ ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ. ಅದರ ಉದ್ದ ಕನಿಷ್ಠ 3.6 ಮೀಟರ್ ಇರಬೇಕು, ಬಾಯಿ 0.9 ಮೀಟರ್. ಮಂಡಕಳ್ಳಿಯ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಅದರ ತುದಿಗಳಲ್ಲಿ ಬರೆದ 09 ಮತ್ತು 27 ಎಂಬ ಅಂಕಿಗಳು 90 ಹಾಗೂ 270 ಡಿಗ್ರಿಯ ದಿಕ್ಕನ್ನು ಸೂಚಿಸುತ್ತವೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ಗಾಳಿಗೆ ಎದುರಾಗಿ, ಪಶ್ಚಿಮಕ್ಕೆ ಮುಖಮಾಡಿ ಏರುತ್ತದೆ. ಇನ್ನೊಂದು, ರನ್‌ವೇಯ ಪಕ್ಕದಲ್ಲಿ ಸಾಲಾಗಿ ಉರಿಯುವ ನಾಲ್ಕು ದೀಪ. ನಾವು ಅದನ್ನು ಪಾಪಿ ಎನ್ನುತ್ತೇವೆ, ಕನ್ನಡದ ಕಿವಿಗೆ ನಗು ಬರಿಸುವ ಹೆಸರು. ಪೈಲಟ್‌ಗೆ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಕೋನ ಸರಿಯಿದೆ. ನಾಲ್ಕೂ ಕೆಂಪಾದರೆ ವಿಮಾನ ಅಪಾಯದಷ್ಟು ತಗ್ಗಿನಲ್ಲಿದೆ ಎಂದರ್ಥ.

ಮಂಡಕಳ್ಳಿಯ ರನ್‌ವೇಯನ್ನು 2,750 ಮೀಟರ್‌ಗೆ ವಿಸ್ತರಿಸುವ ಪ್ರಸ್ತಾವ ಹಲವು ವರ್ಷಗಳಿಂದ ಇದೆ. ಅಡ್ಡ ಬರುವುದು ಮೈಸೂರು–ನಂಜನಗೂಡು ಹೆದ್ದಾರಿ. ರನ್‌ವೇಯ ಕೆಳಗೆ ಅಂಡರ್‌ಪಾಸ್ ಮಾಡಿ ವಾಹನಗಳನ್ನು ಬಿಡಬೇಕೋ, ಹೆದ್ದಾರಿಯನ್ನೇ ಸುತ್ತುಬಳಸಿ ತಿರುಗಿಸಬೇಕೋ ಎಂಬ ಚರ್ಚೆ ನಡೆಯುತ್ತಲೇ ಬಂದಿದೆ. ಹೊರಗಿನಿಂದ ನೋಡುವವರಿಗೆ ಇದು ಸಾವಿರ ಮೀಟರ್ ಟಾರು ಹಾಕುವ ಕೆಲಸದಂತೆ ಕಾಣುತ್ತದೆ. ಆದರೆ ದೊಡ್ಡ ವಿಮಾನವು ಉಪಕರಣಗಳ ನೆರವಿನಿಂದ ಇಳಿಯುವ ರನ್‌ವೇಯ ಸುತ್ತ ಸುಮಾರು 280 ಮೀಟರ್ ಅಗಲದ ಪಟ್ಟಿಯನ್ನು ತಗ್ಗುದಿಣ್ಣೆಯಾಗಲಿ ಕಟ್ಟಡವಾಗಲಿ ಇಲ್ಲದಂತೆ ಬಿಡಬೇಕು. ಆ ಪಟ್ಟಿ ರನ್‌ವೇಯ ತುದಿಯಿಂದ 60 ಮೀಟರ್ ಆಚೆಗೆ ಮುಗಿದ ಮೇಲೂ ಆಕಾಶ ಖಾಲಿಯಿರಬೇಕು. ಆ ಗಡಿಯಿಂದ ಪ್ರತಿ 50 ಮೀಟರ್‌ಗೆ 1 ಮೀಟರ್‌ನಂತೆ ಏರುವ ಕಲ್ಪಿತ ಇಳಿಜಾರನ್ನು ಯಾವುದೂ ಮುಟ್ಟಬಾರದು. ಐದು ಮೀಟರ್ ಎತ್ತರಕ್ಕೆ ಹೇರಿದ ಲಾರಿಯೊಂದು ನೆಲಮಟ್ಟದ ರಸ್ತೆಯಲ್ಲಿ ಹಾದುಹೋಗಬೇಕಾದರೆ ಆ ರಸ್ತೆ ರನ್‌ವೇಯ ತುದಿಯಿಂದ 300 ಮೀಟರ್‌ಗೂ ಆಚೆ ಇರಬೇಕು. ಆದ್ದರಿಂದ ಹೆದ್ದಾರಿಯನ್ನು ತಿರುಗಿಸುವುದಾದರೆ ಅದನ್ನು ರನ್‌ವೇಯ ಮೂಗಿನ ತುದಿಯಲ್ಲಿ ಸವರಿಕೊಂಡು ಹೋಗುವಂತೆ ತಿರುಗಿಸಲಾಗದು. ದೂರ ಹೋದಷ್ಟೂ ಜಮೀನು ಹೆಚ್ಚು. ಅಂಡರ್‌ಪಾಸ್ ಆದರೆ ಜಮೀನು ಉಳಿಯುತ್ತದೆ, ಆದರೆ ವಿಮಾನದ ಭಾರ ಹೊರುವ ಛಾವಣಿ, ಮಳೆನೀರು ಎತ್ತಿ ಹಾಕುವ ಪಂಪು, ಒಳಗೆ ಟ್ಯಾಂಕರ್‌ಗೆ ಬೆಂಕಿ ಬಿದ್ದರೆ ರನ್‌ವೇ ಮುಚ್ಚಬೇಕಾದ ವ್ಯವಸ್ಥೆ, ಇವೆಲ್ಲ ನಿಲ್ದಾಣ ಇರುವಷ್ಟು ಕಾಲ ನಿಭಾಯಿಸಬೇಕಾದ ಹೊಣೆಗಳಾಗುತ್ತವೆ. ನನ್ನನ್ನು ಕೇಳಿದರೆ, ಒಮ್ಮೆಗೇ ಹೆಚ್ಚು ಖರ್ಚಾದರೂ ಹೆದ್ದಾರಿಯನ್ನು ದೂರ ಸರಿಸುವುದೇ ಲೇಸು ಎನ್ನುತ್ತೇನೆ. ರನ್‌ವೇಯ ಅಡಿಯಲ್ಲಿ ನಮ್ಮ ಹಿಡಿತದಲ್ಲಿಲ್ಲದ ಸಂಚಾರ ಇರುವುದನ್ನು ಕಾರ್ಯಾಚರಣೆಯವರು ಯಾರೂ ಮನಸಾರೆ ಒಪ್ಪುವುದಿಲ್ಲ. ಆದರೆ ಜಮೀನು ಬಿಟ್ಟುಕೊಡಬೇಕಾದ ರೈತರು ಇದೇ ಲೆಕ್ಕವನ್ನು ಬೇರೆಯಾಗಿ ಹಾಕುತ್ತಾರೆ, ಹಾಗೆ ಹಾಕುವುದಕ್ಕೆ ಅವರಿಗೆ ಎಲ್ಲ ಹಕ್ಕೂ ಇದೆ.