ಸಾವಿರ ಅಡಿ ಕೆಳಗೆ ಕೆರೆ ಇಲ್ಲ

"ಸಾರ್, ಎಂಟುನೂರಡಿಗೂ ಬರೀ ಧೂಳು. ಇನ್ನೊಂದು ಇನ್ನೂರು ಇಳಿಸೋಣ ಅಂತಿದಾರೆ ಗಾಡಿಯವರು. ಇಳಿಸಲಾ?"

ಏಪ್ರಿಲ್ ಬಂತೆಂದರೆ ನನಗೆ ಬರುವ ಅರ್ಧ ಕರೆಗಳು ಬೋರ್‌ವೆಲ್ ಕೊರೆಸುವವರ ಇಂಥವೇ. ಈ ಸಲ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟೊಂದರ ಕಾರ್ಯದರ್ಶಿ. ಬೇಡ ಅಂದೆ. "ಪಾಯಿಂಟ್ ನೋಡಿದವರ ಕೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತ್ತು ಸಾರ್" ಎಂದರು. ತೆಂಗಿನಕಾಯಿ ಬಗ್ಗೆ ನಾನು ಯಾರ ಜೊತೆಗೂ ವಾದಕ್ಕಿಳಿಯುವುದಿಲ್ಲ. ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಬೆಂಗಳೂರಿನ ನೆಲ ಅಗೆದರೆ ಮೊದಲು ಕೆಂಪು ಮಣ್ಣು. ಅದರಡಿ ಕೊಳೆತ ಕಲ್ಲು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದು. ಅದಕ್ಕೂ ಕೆಳಗೆ ಗ್ರಾನೈಟು, ನೈಸ್ (gneiss) ಜಾತಿಯ ಕಗ್ಗಲ್ಲು. ಮಳೆನೀರನ್ನು ಹೀರಿ ಹಿಡಿದಿಡುವುದು ಮೇಲಿನ ಆ ಎರಡು ಪದರ. ಹಳೇ ಬೆಂಗಳೂರಿನ ತೆರೆದ ಬಾವಿಗಳೆಲ್ಲ ಬದುಕಿದ್ದು ಅದರಿಂದಲೇ. ಕಗ್ಗಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ, ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕುಗಳೂ ಕಡಿಮೆ. ಕೊರೆದ ದಿನ ಎರಡಿಂಚು ನೀರು ಚಿಮ್ಮಿತು ಎಂದು ಸಿಹಿ ಹಂಚುತ್ತಾರಲ್ಲ, ಅದು ಎಷ್ಟೋ ಕಾಲದಿಂದ ಅಲ್ಲಿ ಸೇರಿಕೊಂಡಿದ್ದ ನೀರು. ಮೇಲಿನಿಂದ ಇಳಿಯದಿದ್ದರೆ ಅದು ಮುಗಿಯುತ್ತದೆ. ಮೇಲೆಲ್ಲ ಈಗ ಕಾಂಕ್ರೀಟು, ಪೇವರ್ ಕಲ್ಲು.

ಊರು ಬೆಳೆದ ಹಾಗೆಲ್ಲ ನಾವು ನೀರಿಗಾಗಿ ದೂರ ದೂರ ಹೋದೆವು. ಹೆಸರಘಟ್ಟ ಕೆರೆ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ ಯೋಜನೆ, 2024ರಲ್ಲಿ ಅದರದೇ ಐದನೇ ಹಂತ. ನೂರು ಕಿ.ಮೀ. ಆಸುಪಾಸಿನಿಂದ, ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಕರೆಂಟು ಸುರಿದು ಏರಿಸುವ ನೀರದು. ಅದರಲ್ಲೇ ಕಾರು ತೊಳೆಯುತ್ತೇವೆ.

30×40 ಅಡಿಯ ತಾರಸಿ ಮೇಲೆ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಮಳೆ ಬೀಳುತ್ತದೆ. ದಿನಕ್ಕೆ 500 ಲೀಟರ್ ಅಂದರೂ ಆರು ತಿಂಗಳ ಖರ್ಚು. ಆದರೆ ಅದು ದಿನಾ ಇಷ್ಟಿಷ್ಟೇ ಅಂತ ಬರುವುದಿಲ್ಲ, ಮೇ ತಿಂಗಳ ಒಂದು ಸಂಜೆ ರಪರಪ ಸುರಿದು ರಾಜಕಾಲುವೆ ಸೇರುತ್ತದೆ. ಸಂಪು ತುಂಬಿ ಉಳಿದದ್ದನ್ನು ಮಣ್ಣಿಗೆ ಕುಡಿಸಬೇಕು.

ಆ ಅಪಾರ್ಟ್‌ಮೆಂಟಿಗೆ ಹೋಗಿ ನೋಡಿದೆ. ಮಳೆನೀರನ್ನು ಮಣ್ಣಿಗೆ ಇಳಿಸುವ ಇಂಗುಬಾವಿ ಇತ್ತು! ಮಳೆ ಕೊಯ್ಲು ಕಡ್ಡಾಯವಾದದ್ದು 2009ರಲ್ಲಿ; ಇದು ಫೋಟೋ ತೆಗೆಸಲೆಂದೇ ತೋಡಿದಂತಿತ್ತು. ಒಳಗೆ ಒಣಗಿದ ಎಲೆ, ಟೈಲ್ಸ್ ಚೂರು, ಗಟ್ಟಿಯಾದ ಸಿಮೆಂಟು. ತಾರಸಿಯ ಪೈಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಯಾರೋ ಜಾಣರು ಪೈಪನ್ನು ನೇರ ಬತ್ತಿದ ಬೋರ್‌ವೆಲ್ಲಿಗೇ ಇಳಿಸೋಣ ಅಂದರು. ಅದಕ್ಕೂ ಬೇಡ ಅಂದೆ. ಸೋಸದ ನೀರಿನ ಜೊತೆ ಪಾರಿವಾಳದ ಹಿಕ್ಕೆಯೂ ಇಳಿಯುತ್ತದೆ, ಕಲ್ಲಿನ ಬಿರುಕಿಗೆ ಸೇರಿದ ಕೊಳೆಯನ್ನು ತೊಳೆಯುವವರಿಲ್ಲ.

ಬಾವಿ ತೋಡುವುದೇ ಕಸುಬಾದ ಮಣ್ಣು ವಡ್ಡರನ್ನು ಕರೆಸಿದೆವು. ಹಳೆಯದನ್ನು ಬಿಟ್ಟು, ಮೂರಡಿ ಅಗಲ, ಇಪ್ಪತ್ತಡಿ ಆಳದ ನಾಲ್ಕು ಬಾವಿ ತೋಡಿ ರಿಂಗ್ ಇಳಿಸಿದರು. ಒಂದೊಂದರಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಮೇಲ್ಗಡೆ ಕಸ ತಡೆಯಲು ಜಾಲರಿ, ಹೂಳು ತಂಗಲು ಒಂದು ತೊಟ್ಟಿ. ಅಷ್ಟೇ.

ಮೊದಲ ದೊಡ್ಡ ಮಳೆಯ ಮರುದಿನ ಕಾರ್ಯದರ್ಶಿಗಳ ಫೋನು. ದನಿಯಲ್ಲಿ ಗಾಬರಿ.

"ರಾತ್ರಿ ನಾಲ್ಕೂ ತುಂಬಿತ್ತು ಸಾರ್. ಬೆಳಿಗ್ಗೆ ನೋಡಿದ್ರೆ ಖಾಲಿ. ಎಲ್ಲೋ ಲೀಕ್ ಆಗ್ತಿದೆ!"

"ಆಗಲಿ ಅಂತಲೇ ತೋಡಿಸಿದ್ದು."

"ಹಾಗಾದ್ರೆ ಬೋರ್‌ವೆಲ್‌ನಲ್ಲಿ ನೀರು?"

"ಈ ವರ್ಷ ನಂಬ್ಕೋಬೇಡಿ. ಜಾಲರಿ ಮೇಲಿನ ಎಲೆ ತೆಗೆಸಿ."