ಹೆಜ್ಜೆ ಚಿಕ್ಕದಾದರೆ ಸಾಕಾ?

ಕಾಲದ ಜೊತೆ ಬದಲಾಗುವ ಪ್ರಮಾಣಗಳನ್ನು ಕಂಪ್ಯೂಟರ್ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಈಗಿನ ಬೆಲೆಗೆ, ಬದಲಾಗುವ ವೇಗವನ್ನು ಹೆಜ್ಜೆಯ ಅಳತೆಯಿಂದ ಗುಣಿಸಿ ಸೇರಿಸಿದರೆ ಮುಂದಿನ ಬೆಲೆ ಸಿಗುತ್ತದೆ. ಇದು 18ನೇ ಶತಮಾನದ ಆಯ್ಲರ್ ವಿಧಾನ. ಹೆಜ್ಜೆ ಚಿಕ್ಕದಾದಷ್ಟೂ ಉತ್ತರ ನಿಜಕ್ಕೆ ಹತ್ತಿರವಾಗುತ್ತದೆ. ಇದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ.

ಆದರೆ ಎಷ್ಟು ಚಿಕ್ಕದು? ಅಸಲು ತೊಡಕು ಇರುವುದೇ ಅಲ್ಲಿ.

ಒಂದು ಪ್ರಮಾಣ ಸೆಕೆಂಡಿಗೆ ತನ್ನ ಬೆಲೆಯ 1000 ಪಟ್ಟು ವೇಗದಲ್ಲಿ ಇಳಿಯುತ್ತಿದೆ ಅಂದುಕೊಳ್ಳಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಗೆ ಹತ್ತಿರವಾಗಬೇಕು. ಹೆಜ್ಜೆ 0.01 ಸೆಕೆಂಡ್ ಇಟ್ಟರೆ ಆಯ್ಲರ್ ವಿಧಾನ ಪ್ರತಿ ಸಲವೂ ಬೆಲೆಯನ್ನು −9ರಿಂದ ಗುಣಿಸುತ್ತದೆ. 1ರಿಂದ ಶುರುವಾದದ್ದು ಹತ್ತೇ ಹೆಜ್ಜೆಯಲ್ಲಿ 348 ಕೋಟಿ ದಾಟುತ್ತದೆ! ಹೆಜ್ಜೆ 0.002ಕ್ಕಿಂತ ಚಿಕ್ಕದಾದರೆ ಮಾತ್ರ ಲೆಕ್ಕ ಹತೋಟಿಗೆ ಬರುತ್ತದೆ.

ವೇಗದ ಭಾಗ ಮತ್ತು ನಿಧಾನದ ಭಾಗ ಎರಡೂ ಸೇರಿರುವ ಸಮೀಕರಣಗಳೇ ಸ್ಟಿಫ್ ಸಮೀಕರಣಗಳು. ರಾಬರ್ಟ್‌ಸನ್ 1966ರಲ್ಲಿ ಕೊಟ್ಟ ರಾಸಾಯನಿಕ ಕ್ರಿಯೆಯ ಉದಾಹರಣೆಯಲ್ಲಿ ಒಂದು ವೇಗಾಂಕ 0.04, ಇನ್ನೊಂದು 3 ಕೋಟಿ. ವೇಗದ ಭಾಗ ಬೇಗ ಅಡಗಿಹೋಗುತ್ತದೆ. ನಮಗೆ ಬೇಕಾದದ್ದು ನಿಧಾನದ ಭಾಗ. ಆದರೂ ಹೆಜ್ಜೆಯ ಅಳತೆಯನ್ನು ಅಡಗಿದ ಭಾಗವೇ ತೀರ್ಮಾನಿಸುತ್ತದೆ. ಅನ್ಯಾಯ ಅಲ್ವಾ?

ಹಿಂದುಮುಖ ಆಯ್ಲರ್ ವಿಧಾನ ಇದಕ್ಕೆ ಪರಿಹಾರ. ಇಲ್ಲಿ ಹೆಜ್ಜೆಯ ಕೊನೆಯ ವೇಗವನ್ನು ಬಳಸುತ್ತಾರೆ. ಪ್ರತಿ ಹೆಜ್ಜೆಗೂ ಒಂದು ಸಮೀಕರಣ ಬಿಡಿಸಬೇಕು, ಕೆಲಸ ಜಾಸ್ತಿ. ಆದರೆ ಮೇಲಿನ ಉದಾಹರಣೆಯಲ್ಲಿ ಗುಣಕ 1/11 ಆಗುತ್ತದೆ, ಲೆಕ್ಕ ಸಿಡಿಯುವುದಿಲ್ಲ. ಇಂಥ ಭದ್ರತೆಗೆ ಡಾಲ್‌ಕ್ವಿಸ್ಟ್ 1963ರಲ್ಲಿ ಎ-ಸ್ಥಿರತೆ ಎಂದು ಹೆಸರಿಟ್ಟರು.

ನನಗೆ ಬಹಳ ಮುಖ್ಯ ಅನಿಸುವುದು ಇದರ ಮುಂದಿನ ಮಾತು. ಸಿಡಿಯದಿದ್ದ ಮಾತ್ರಕ್ಕೆ ಉತ್ತರ ನಿಖರ ಅಂತಲ್ಲ. ಎರಡು ಹಂತಗಳ ಗಾಸ್ ವಿಧಾನವೂ ಹೀಗೆ ಸಿಡಿಯದ ವಿಧಾನ, ಹೆಜ್ಜೆಯ ನಡುವೆ ಎರಡು ಕಡೆ ವೇಗವನ್ನು ಲೆಕ್ಕ ಹಾಕುತ್ತದೆ. ಅದು ನಾಲ್ಕನೇ ದರ್ಜೆಯದು. ಹೆಜ್ಜೆ ಅರ್ಧ ಮಾಡಿದರೆ ತಪ್ಪು 16 ಪಟ್ಟು ಇಳಿಯಬೇಕು. ಆದರೆ ಪ್ರೊಥೆರೊ ಮತ್ತು ರಾಬಿನ್ಸನ್ 1974ರಲ್ಲಿ ಪರೀಕ್ಷೆಗಿಟ್ಟ ತುಂಬಾ ಸ್ಟಿಫ್ ಆದ ಸಮೀಕರಣದಲ್ಲಿ ಅದು ಸುಮಾರು 4 ಪಟ್ಟು ಮಾತ್ರ ಇಳಿಯುತ್ತದೆ. ಹೆಜ್ಜೆಯ ನಡುವೆ ಮಾಡುವ ಲೆಕ್ಕಗಳು ಅಷ್ಟು ನಿಖರವಲ್ಲ. ಸಾಮಾನ್ಯ ಸಮೀಕರಣದಲ್ಲಿ ಆ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಸ್ಟಿಫ್ ಸಮೀಕರಣದಲ್ಲಿ ದೊಡ್ಡ ವೇಗಾಂಕ ಅವನ್ನು ಹಿಗ್ಗಿಸುವುದರಿಂದ ಹಾಗಾಗುವುದಿಲ್ಲ.

ಹಾಗಾದರೆ ನಾಲ್ಕನೇ ದರ್ಜೆ ಎಂಬ ಸಿದ್ಧಾಂತ ಸುಳ್ಳೇ? ಅಲ್ಲ. ಹೆಜ್ಜೆ ಸಾಕಷ್ಟು ಚಿಕ್ಕದಾದ ಮೇಲೆ 16 ಪಟ್ಟು ಇಳಿಕೆ ಬಂದೇ ಬರುತ್ತದೆ. ಆದರೆ ಅಷ್ಟು ಚಿಕ್ಕ ಹೆಜ್ಜೆ ಇಡಬಾರದು ಅಂತಲೇ ಈ ವಿಧಾನವನ್ನು ಆರಿಸಿದ್ದು! ಅದಕ್ಕೇ 1981ರಲ್ಲಿ ಫ್ರಾಂಕ್, ಶ್ನೈಡ್ ಮತ್ತು ಉಬರ್‌ಹ್ಯೂಬರ್ ಬಿ-ಕನ್ವರ್ಜೆನ್ಸ್ ಎಂಬ ಬಿಗಿಯಾದ ಅಳತೆ ಕೊಟ್ಟರು. ಸಮೀಕರಣ ಎಷ್ಟೇ ಸ್ಟಿಫ್ ಆಗಿರಲಿ, ತಪ್ಪಿನ ಮಿತಿ ಅದರಿಂದ ಹಿಗ್ಗಬಾರದು ಎನ್ನುವುದು ಅದರ ಷರತ್ತು.